ಹಡಗಿನ ಅಡುಗೆಮನೆ

ಕಾರವಾರದ ಕಡಲತೀರದಲ್ಲಿ ಮರಳಿನ ಮೇಲೆ ನಿಂತಿರುವ ಆ ಹಡಗನ್ನು ನಾನು ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿದ್ದೇನೋ ನನಗೇ ಗೊತ್ತಿಲ್ಲ. ಅವರ್ಸಾದಿಂದ ಕಾರವಾರಕ್ಕೆ ಆಸ್ಪತ್ರೆಗೋ ಬಟ್ಟೆಗೋ ಹೋಗುವ ನಾವೆಲ್ಲ ಅದನ್ನು ನೋಡಿಕೊಂಡೇ ಹೋಗುತ್ತೇವೆ. ಗಾಳಿಮರಗಳ ಸಂದಿಯಲ್ಲಿ ಬೂದು ಬಣ್ಣದ ಮೂತಿ ಕಾಣುತ್ತದೆ, ಬಸ್ಸು ಮುಂದೆ ಹೋಗುತ್ತದೆ, ಅಷ್ಟೇ. ಒಂದು ಕಾಲದಲ್ಲಿ ಯುದ್ಧಕ್ಕೆ ಹೋಗಿ ಬಂದ ಹಡಗಂತೆ. ಈಗ ಸಂಗ್ರಹಾಲಯ. ಪಕ್ಕದಲ್ಲಿ ಇತ್ತೀಚೆಗೆ ಒಂದು ದೊಡ್ಡ ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ. ಒಳಗೆ ಹೋಗಿ ನೋಡುವುದು ಘಟ್ಟದ ಮೇಲಿನಿಂದ ಬಂದವರ ಕೆಲಸ ಎಂದು ಊರಿನವರಾದ ನಾವು ಅಂದುಕೊಂಡಿದ್ದೆವು.

ಆ ಡಿಸೆಂಬರಿನ ರಜೆಗೆ ನಾದಿನಿಯ ಮಗ ಕೋಡಿಬಾಗದಿಂದ ನಮ್ಮ ಮನೆಗೆ ಬಂದಿದ್ದ. ಎರಡನೇ ತರಗತಿಯ ಹುಡುಗ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ, ಸಿಟ್ಟು ಬಂದರೆ ಎರಡೂ. ನನ್ನ ಮಗಳು ಅವನಿಗಿಂತ ಮೂರು ವರ್ಷ ದೊಡ್ಡವಳು, ಯಾವ ಮಾತನ್ನೂ ಸುಮ್ಮನೆ ಒಪ್ಪದವಳು. ಶಾಲೆಯ ಕಡೆಯಿಂದ ತಾನು ಹಡಗಿನೊಳಗೆ ಹೋಗಿಬಂದಿದ್ದೇನೆ, ಅಲ್ಲಿ ಕುರ್ಚಿಯಲ್ಲಿ ಕ್ಯಾಪ್ಟನ್ ಕೂತಿದ್ದಾನೆ, ಕಣ್ಣು ಮಿಟುಕಿಸುವುದಿಲ್ಲ ಎಂದು ಅವನು ಹೇಳಿದ. "ಮಿಟುಕಿಸದಿದ್ರೆ ಅದು ಗೊಂಬೆ," ಎಂದಳು ಇವಳು. "ಗೊಂಬೆಗೆ ಕೈ ಮೇಲೆ ಕೂದಲು ಇರ್ತದಾ?" ಎಂದು ಅವನು. ಜಗಳ ಅಂಗಳದಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಅಡುಗೆಮನೆಗೆ ಬಂತು.

ಅಡುಗೆಮನೆಯಲ್ಲಿ ಅತ್ತೆ ಬಂಗಡೆ ಹೆಚ್ಚುತ್ತ ಕೂತಿದ್ದರು. ಇಬ್ಬರ ವಾದವನ್ನೂ ಕೇಳಿಸಿಕೊಂಡು, ಕೈ ನಿಲ್ಲಿಸಿ, "ಅಲ್ಲಿ ಅಡುಗೆಮನೆ ಅದ್ಯಾ ಮಗಾ?" ಎಂದು ಮೊಮ್ಮಗನನ್ನು ಕೇಳಿದರು.

"ಗೊತ್ತಿಲ್ಲ ಅಜ್ಜಿ."

"ಅಡುಗೆಮನೆ ನೋಡ್ದೇ ಬಂದ್ಯಾ? ಹಾಗಾದ್ರೆ ಒಳಗೆ ಹೋಗಿ ಎಂತ ನೋಡ್ದೆ ನೀನು?"

ಭಾನುವಾರ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ, ಜಗಳ ನಿಲ್ಲಿಸಿ ಎಂದೆ ನಾನು. ಅಂಕೋಲೆಯ ಔಷಧಿ ಅಂಗಡಿಯಲ್ಲಿ ನನಗೆ ಕೆಲಸ, ರಜೆ ಎಂದರೆ ಭಾನುವಾರ ಒಂದೇ. ಅತ್ತೆ ಮೀನಿನ ತಟ್ಟೆಯನ್ನು ಬದಿಗೆ ಸರಿಸಿ, "ನಾನೂ ಬತ್ತೆ," ಎಂದರು. ಮಂಡಿನೋವೆಂದು ಮದುವೆಮನೆಗಳಿಗೂ ಹೋಗುವುದನ್ನು ಬಿಟ್ಟಿದ್ದವರು. ನನಗೆ ಆಶ್ಚರ್ಯವಾಯಿತು, ಆದರೆ ಕಾರಣ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ನಾವು ಬಸ್ಸಿಳಿಯುವಾಗಲೇ ತೀರದುದ್ದಕ್ಕೂ ಟೂರಿನ ಬಸ್ಸುಗಳು ನಿಂತಿದ್ದವು. ಒಂದೇ ಬಣ್ಣದ ಟೋಪಿ ಹಾಕಿಕೊಂಡ ಶಾಲೆಯ ಮಕ್ಕಳು, ಸೀಟಿ ಊದುವ ಮಾಸ್ತರರು, ಕಂಕುಳಲ್ಲಿ ಕೂಸುಗಳನ್ನಿಟ್ಟುಕೊಂಡ ತಾಯಂದಿರು, ಬುತ್ತಿ ಗಂಟು ಹೊತ್ತ ಹಿರಿಯರು. ಸಾಲು ಹಡಗಿನ ಬಾಲದಿಂದ ಶುರುವಾಗಿ ಬೇಲಿ ದಾಟಿ ರಸ್ತೆಯ ಅಂಚಿನವರೆಗೂ ಬಂದಿತ್ತು. ಹತ್ತಿರ ಹೋದ ಮೇಲೆ ಗೊತ್ತಾಯಿತು, ಬಸ್ಸಿನಿಂದ ಕಂಡಿದ್ದು ಅದರ ಮೂಗು ಮಾತ್ರ. ಕತ್ತೆತ್ತಿದರೆ ಬೂದು ಗೋಡೆ ಮೇಲಕ್ಕೆ ಹೋಗುತ್ತಲೇ ಇತ್ತು. ಮಗಳು ಅದರ ಹೊಟ್ಟೆಯ ಕೆಳಗೆ ಬಗ್ಗಿ ನೋಡಿ, "ಅಮ್ಮಾ, ಇಷ್ಟು ಭಾರದ್ದನ್ನ ನೀರಿಂದ ಇಲ್ಲಿಗೆ ಎತ್ತಿ ತಂದವರು ಯಾರು?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಆ ದಿನ ನನಗೆ ಗೊತ್ತಿಲ್ಲದ ಸಂಗತಿಗಳು ಅಲ್ಲಿಂದ ಶುರುವಾದವು.

ಒಳಗೆ ಕಾಲಿಟ್ಟ ಮೇಲೆ ನಮ್ಮಿಷ್ಟದ ಪ್ರಕಾರ ನಡೆಯುವ ಮಾತೇ ಇರಲಿಲ್ಲ. ದಾರಿ ಎಂದರೆ ಎರಡು ಭುಜಗಳಷ್ಟು ಅಗಲ. ಬಾಗಿಲುಗಳ ಹೊಸ್ತಿಲು ಮೊಣಕಾಲಿನಷ್ಟು ಎತ್ತರ, ಮೇಲಿನ ಕಟ್ಟು ಹಣೆಗೆ ತಾಗುವಷ್ಟು ತಗ್ಗು. ಒಂದೇ ಹೊತ್ತಿಗೆ ಕಾಲೆತ್ತಬೇಕು, ತಲೆ ತಗ್ಗಿಸಬೇಕು. ಅತ್ತೆ ಪ್ರತಿ ಹೊಸ್ತಿಲಿನ ಮುಂದೆಯೂ ನಿಂತು, ಸೀರೆಯ ನಿರಿಗೆಯನ್ನು ಎಡಗೈಯಲ್ಲಿ ಎತ್ತಿ, ಬಲಗೈಯನ್ನು ನನ್ನ ಭುಜದ ಮೇಲಿಟ್ಟು ದಾಟುವಷ್ಟರಲ್ಲಿ ಹಿಂದಿನ ಸಾಲು ನಮ್ಮ ಬೆನ್ನಿಗೆ ಬಂದು ಒತ್ತುತ್ತಿತ್ತು. ಯಾರದೋ ಬೆವರು, ಯಾರದೋ ಮಲ್ಲಿಗೆ, ಕಬ್ಬಿಣದ ವಾಸನೆ. ನಾದಿನಿಯ ಮಗ ಮುಂದೆ ನುಸುಳಿ ಹೋಗಿ, "ಮಾಮಿ, ಹಾಂಗಾ ಯೋ! ಇಲ್ಲಿ ಬಾ!" ಎಂದು ಎರಡು ಭಾಷೆಯಲ್ಲೂ ಕೂಗಿದ.

ಕ್ಯಾಪ್ಟನ್ ಕೂತಿದ್ದ. ಬಿಳಿ ಸಮವಸ್ತ್ರ, ಟೋಪಿ, ಮೇಜಿನ ಮೇಲೆ ಚಾಚಿದ ಕೈ. ಮಗಳು ಅವನ ಮುಖದ ಹತ್ತಿರ ತನ್ನ ಮುಖ ತಂದು ಉಸಿರು ಬಿಗಿಹಿಡಿದು ನಿಂತಳು. ಉಸಿರಾಡುತ್ತಾನೋ ಇಲ್ಲವೋ ಎಂದು ಅವಳ ಪರೀಕ್ಷೆ. ಅವಳ ಉಸಿರು ಮುಗಿಯಿತು, ಅವನು ಅಲ್ಲಾಡಲಿಲ್ಲ. "ಗೊಂಬೆ," ಎಂದು ತೀರ್ಪು ಕೊಟ್ಟಳು. ನಂತರ ತಡೆದು, "ಆದ್ರೆ ಉಗುರು ನಿಜವಾದ್ದು ಇದ್ದ ಹಾಗೆ ಅದೆ," ಎಂದು ಸೇರಿಸಿದಳು. ಹುಡುಗನಿಗೆ ಅರ್ಧ ಗೆಲುವಿನ ಸಮಾಧಾನವಾಯಿತು.

ಅಷ್ಟರಲ್ಲಿ ಹಿಂದಿನಿಂದ ಶಾಲೆಯ ಮಕ್ಕಳ ಗುಂಪೊಂದು ನುಗ್ಗಿತು. ಹೊಳೆಯ ನೆರೆಯಲ್ಲಿ ತೆಂಗಿನಕಾಯಿ ತೇಲಿಹೋಗುವ ಹಾಗೆ ನಾವು ತೇಲಿಹೋದೆವು. ಮಲಗುವ ಮಂಚಗಳು ಒಂದರ ಮೇಲೊಂದು ಇದ್ದದ್ದು ಕಂಡಿತು. ಯಾವುದೋ ಯಂತ್ರ, ಯಾವುದೋ ಏಣಿ, ಗಡಿಯಾರದಂಥ ಹಲವು ಮುಳ್ಳುಗಳು. ಕಣ್ಣು ಒಂದರ ಮೇಲೆ ನಿಲ್ಲುವಷ್ಟರಲ್ಲಿ ಕಾಲು ಇನ್ನೊಂದರ ಮುಂದೆ ಇರುತ್ತಿತ್ತು. ಇದ್ದಕ್ಕಿದ್ದಂತೆ ಬಿಸಿಲು ಬಡಿಯಿತು. ನಾವು ಹಡಗಿನ ಆಚೆ ಬದಿಯ ಮೆಟ್ಟಿಲಿಳಿದು ಮರಳಿನ ಮೇಲೆ ನಿಂತಿದ್ದೆವು.

"ಅಡುಗೆಮನೆ ಎಲ್ಲಿ?" ಎಂದರು ಅತ್ತೆ.

"ಗಲಾಟೆಯಲ್ಲಿ ದಾಟಿ ಬಂದೆವು ಅನ್ನಿಸ್ತದೆ ಅತ್ತೆ."

ಅವರು ಕಟ್ಟೆಯ ಮೇಲೆ ಕೂತು ಮಂಡಿ ನೀವಿಕೊಂಡರು. ನಾನು ನೀರಿನ ಬಾಟಲಿ ಕೊಟ್ಟೆ. ಕುಡಿದು, ಸೆರಗಿನಿಂದ ಬಾಯಿ ಒರೆಸಿ, "ನಾ ಮತ್ತೊಂದು ಸಲ ಹೋಗ್ತೆ. ನೀವು ಬೇಕಾದ್ರೆ ಇಲ್ಲೇ ಕೂತ್ಕಳಿ," ಎಂದರು.

ಮಕ್ಕಳಿಗೆ ಇದಕ್ಕಿಂತ ಖುಷಿಯ ಮಾತು ಬೇಕಿರಲಿಲ್ಲ. ಮತ್ತೆ ಟಿಕೆಟ್ ತೆಗೆದು ಮತ್ತೆ ಅದೇ ಸಾಲಿನ ಬಾಲದಲ್ಲಿ ನಿಂತೆವು. ಬಿಸಿಲು ಏರಿತ್ತು. ಅಲ್ಲಿ ನಿಂತಾಗ, ಮಗಳು ಬಿಡದೆ ಕೇಳಿದ್ದಕ್ಕೆ, ಅತ್ತೆ ತಮ್ಮ ಅಡುಗೆಮನೆಯ ಹುಚ್ಚಿನ ಕಾರಣ ಹೇಳಿದರು.

ಅವರ ತವರು ಕಾರವಾರದಿಂದ ದಕ್ಷಿಣಕ್ಕೆ, ಗುಡ್ಡದ ಆಚೆ, ಕಡಲಿಗೆ ತಾಗಿದ ಒಂದು ಹಳ್ಳಿ. ಗದ್ದೆ, ತೆಂಗು, ಮನೆಯ ಮುಂದೆ ಮರಳು. ಬಂದರಿಗೆ ಬರುವ ದೊಡ್ಡ ಹಡಗುಗಳು ದೂರದಲ್ಲಿ ಲಂಗರು ಹಾಕಿ ಕಾಯುತ್ತಿದ್ದವಂತೆ. ಸಂಜೆ ಕಪ್ಪಾಗುತ್ತಿದ್ದಂತೆ ಅವುಗಳ ದೀಪ ಹತ್ತುತ್ತಿತ್ತು. ಅದೇ ಹೊತ್ತಿಗೆ ಇವರ ಮನೆಯಲ್ಲಿ ಊಟ. ಜಗಲಿಯಲ್ಲಿ ಕೂತು ಗಂಜಿ ಉಣ್ಣುತ್ತ ಆ ದೀಪ ನೋಡಿ, ಹಡಗಿನವರು ಈಗ ಏನು ಉಣ್ಣುತ್ತಿರಬಹುದು ಎಂದು ತಾಯಿಯನ್ನು ಕೇಳಿದ್ದರಂತೆ.

"ಅವ್ರಿಗೆ ಸಮುದ್ರದ ನೀರಲ್ಲೇ ಅನ್ನ ಬೇಯ್ತದೆ, ಉಪ್ಪು ಹಾಕೂ ಕೆಲಸ ಇಲ್ಲ ಅಂದಿತ್ತು ನಮ್ಮಬ್ಬೆ," ಎಂದರು ಅತ್ತೆ. "ನಾ ನಂಬ್ದೆ. ಮದುವೆ ಆಗಿ ಇಲ್ಲಿಗೆ ಬಂದ್ಮೇಲೂ ನಂಬ್ಕಂಡೇ ಇದ್ದೆ. ಒಂದ್ಸಲ ನಿನ್ನ ಅಜ್ಜನ ಕೂಡೆ ಹೇಳ್ದೆ. ಅವರು ನಕ್ಕಿದ್ದೇ ನಕ್ಕಿದ್ದು. ಆದ್ರೆ ಹಾಗಾದ್ರೆ ಯಾವ ನೀರು ಅಂದ್ರೆ ಅವ್ರಿಗೂ ಗೊತ್ತಿಲ್ಲ."

"ಸಮುದ್ರದ ನೀರಲ್ಲಿ ಬೇಯಿಸಿದ್ರೆ ಬಾಯಿಗೆ ಇಡೂಕೆ ಆಗ್ತಿರಲಿಲ್ಲ ಅಜ್ಜಿ," ಎಂದಳು ಮಗಳು.

"ಅದು ಈಗ ಗೊತ್ತು ಮಾರಾಯ್ತಿ."

ಈ ಸಲ ನಾವು ತಯಾರಾಗಿ ಹೋದೆವು. ಮಗಳು ಮುಂದೆ, ಅವಳ ಹಿಂದೆ ಅತ್ತೆ, ಅತ್ತೆಯ ಹಿಂದೆ ನಾನು, ನನ್ನ ಸೆರಗು ಹಿಡಿದು ಹುಡುಗ. ಕ್ಯಾಪ್ಟನ್ನನ ಕಡೆ ಯಾರೂ ತಿರುಗಿ ನೋಡಲಿಲ್ಲ. ಒಂದು ತಿರುವಿನಲ್ಲಿ ಮಗಳು ಗಕ್ಕನೆ ನಿಂತು ಎರಡೂ ಕೈಗಳನ್ನು ಬಾಗಿಲಿನ ಕಟ್ಟಿಗೆ ಚಾಚಿ, "ಸಿಕ್ತು!" ಎಂದಳು.

ಅದು ನಮ್ಮ ಮನೆಯ ಬಚ್ಚಲಿಗಿಂತ ಸಣ್ಣದಿತ್ತು. ಒಂದು ಬದಿಗೆ ಕಬ್ಬಿಣದ ಒಲೆ, ಒಂದು ಬದಿಗೆ ತೊಟ್ಟಿ, ಗೋಡೆಗೆ ನೇತುಹಾಕಿದ ಸೌಟುಗಳು. ಅತ್ತೆ ಬಾಗಿಲ ಕಟ್ಟನ್ನು ಹಿಡಿದು ಒಳಗೆ ಇಣುಕಿದವರು ಅಲ್ಲಿಂದ ಕದಲಲಿಲ್ಲ. ಹೊಸ ಸೊಸೆ ಬೇರೆಯವರ ಅಡುಗೆಮನೆಯನ್ನು ನೋಡುವ ಹಾಗೆ ಒಂದೊಂದನ್ನೇ ನೋಡಿದರು. ಕಿಟಕಿ ಎಲ್ಲಿ, ಹೊಗೆ ಎಲ್ಲಿ ಹೋಗುತ್ತದೆ, ತರಕಾರಿ ಹೆಚ್ಚುವವರು ಎಲ್ಲಿ ಕೂರುತ್ತಾರೆ. ಒಲೆಯ ಸುತ್ತ ಗೇಣೆತ್ತರಕ್ಕೆ ಕಬ್ಬಿಣದ ಸರಳು ಇದ್ದದ್ದನ್ನು ತೋರಿಸಿ, "ಇದೆಂತಕ್ಕೆ? ಕೈಗೆ ಅಡ್ಡ ಆಗ್ತಿರ್ಲಿಲ್ವಾ?" ಎಂದರು.

ಮಗಳು ಯೋಚಿಸಿದಳು. ನಂತರ ತನ್ನ ಮೈಯನ್ನು ಒಂದು ಬದಿಗೆ ವಾಲಿಸಿ, ಮತ್ತೊಂದು ಬದಿಗೆ ವಾಲಿಸಿ, "ಹಡಗು ಹೀಗೆ ಆದಾಗ ಪಾತ್ರೆ ಜಾರ್ತದಲ್ಲ ಅಜ್ಜಿ! ಅದಕ್ಕೆ!" ಎಂದಳು. ಹುಡುಗನೂ ವಾಲಿದ. ಇಬ್ಬರೂ ಬಿರುಗಾಳಿಯಲ್ಲಿ ಅನ್ನದ ಪಾತ್ರೆಗಳಾಗಿ ಗೋಡೆಯಿಂದ ಗೋಡೆಗೆ ಬಡಿದುಕೊಂಡರು.

ಹಿಂದೆ ಸಾಲು ನಿಂತುಹೋಗಿತ್ತು. "ಹಿಂಗ ನಿಂತ್ರ ಹೆಂಗ್ರೀ? ಮುಂದ ನಡೀರಲ್ಲ," ಎಂದು ನನ್ನ ಬೆನ್ನ ಹಿಂದಿದ್ದ ಹೆಂಗಸು ಅಂದರು. ನನಗಿಂತ ಹತ್ತು ವರ್ಷ ಹಿರಿಯರಿರಬಹುದು, ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ. ಸಂಕೋಚದಿಂದ ನಾನು ಅತ್ತೆಯ ತೋಳು ಹಿಡಿದೆ. ಅತ್ತೆ ಆ ಹೆಂಗಸಿನ ಕಡೆಗೇ ತಿರುಗಿ, "ತಂಗೀ, ಇಲ್ಲಿ ಯಾವ ನೀರಲ್ಲಿ ಅನ್ನ ಮಾಡ್ತಿದ್ರು ಹೇಳಿ ನಿಮಗೆ ಗೊತ್ತದ್ಯಾ?" ಎಂದು ಕೇಳಿಬಿಟ್ಟರು.

ಆಕೆ ಒಂದು ಕ್ಷಣ ಕಣ್ಣು ಕಿರಿದು ಮಾಡಿ ಒಳಗೆ ಇಣುಕಿದರು. "ಅಡಗಿಮನಿ ಏನ್ರೀ ಇದು? ಅಯ್ಯ, ನಾ ನೋಡೇ ಇದ್ದಿಲ್ಲ," ಎಂದು ಅವರೂ ಕಟ್ಟು ಹಿಡಿದು ನಿಂತರು. ಅವರ ಹಿಂದಿನವರು ಏನು ಸಿಕ್ಕಿತೆಂದು ಕತ್ತು ಚಾಚಿದರು. ಸಮುದ್ರದ ನೀರೇ ಇರಬೇಕು ಎಂದು ಒಬ್ಬರು. ಅಲ್ಲ, ಮಳೆನೀರು ಹಿಡಿದಿಡುತ್ತಿದ್ದರು ಎಂದು ಇನ್ನೊಬ್ಬರು. ಇಷ್ಟು ಜಾಗದಲ್ಲಿ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಯಾರೋ ಅನುಮಾನಪಟ್ಟರು. ದಾರಿಯ ಕೊನೆಯಲ್ಲಿ ನಿಂತಿದ್ದ ಕಾವಲಿನ ಯುವಕನನ್ನೂ ಕೇಳಿದೆವು. ಅವನು ನಾಚಿಕೊಂಡು, "ನಾ ಹೊಸಬ ಅಜ್ಜಿ, ಇದನ್ನ ಯಾರೂ ಕೇಳಿರಲಿಲ್ಲ," ಎಂದ.

ಆಗ ಇಳಕಲ್ ಸೀರೆಯ ಹೆಂಗಸು ಹಣೆ ಬಡಿದುಕೊಂಡು, "ನಮ್ಮಣ್ಣನ್ನ ಕೇಳಿದ್ರ ಆತಲ್ರೀ! ನೇವಿಯೊಳಗ ಇದ್ದಾವ ಅವ. ಈಗ ಹುಬ್ಬಳ್ಳಿಯಾಗ ಕಿರಾಣಿ ಅಂಗಡಿ ಹಾಕ್ಯಾನ," ಎಂದು ಮೊಬೈಲ್ ತೆಗೆದರು. ಕಬ್ಬಿಣದ ಗೋಡೆಗಳ ನಡುವೆ ಸಿಗ್ನಲ್ ಸಿಗಲಿಲ್ಲ. "ಮ್ಯಾಲೆ ನಡೀರಿ," ಎಂದು ಆಕೆ ಮುಂದಾದರು. ಏಣಿಯಂಥ ಮೆಟ್ಟಿಲನ್ನು ಅತ್ತೆ ಹೇಗೆ ಹತ್ತಿದರೋ, ಮೇಲಿನಿಂದ ಆಕೆ ಕೈ ಕೊಟ್ಟರು, ಕೆಳಗಿನಿಂದ ನಾನು ಸೊಂಟಕ್ಕೆ ಆಸರೆಯಾದೆ, ಮಕ್ಕಳು ಕಾಲಿಟ್ಟ ಜಾಗ ಸರಿಯೋ ಇಲ್ಲವೋ ಹೇಳುತ್ತಿದ್ದರು.

ಮೇಲೆ ಗಾಳಿ. ಎದುರಿಗೆ ಕಡಲು, ಎಡಕ್ಕೆ ಬೈತಖೋಲದ ಗುಡ್ಡ. ಆಕೆ ಫೋನನ್ನು ಸ್ಪೀಕರಿಗೆ ಹಾಕಿ ಅತ್ತೆಯ ಮುಂದೆ ಹಿಡಿದರು. ಆಚೆಯಿಂದ ಗಂಡಸಿನ ದನಿ, ಹಿಂದೆ ಅಂಗಡಿಯ ಗದ್ದಲ.

"ಅಣ್ಣಾ, ಕಾರವಾರದಾಗ ಒಬ್ರು ಅಜ್ಜಿ ಏನೋ ಕೇಳ್ತಾರ ನೋಡು."

ಅತ್ತೆಗೆ ಫೋನಿನಲ್ಲಿ ಕೂಗಿ ಮಾತಾಡುವ ಅಭ್ಯಾಸ. "ಹಡಗಲ್ಲಿ ಯಾವ ನೀರಲ್ಲಿ ಅನ್ನ ಮಾಡ್ತಿದ್ರಿ?" ಎಂದು ಗುಡ್ಡಕ್ಕೆ ಕೇಳಿಸುವ ಹಾಗೆ ಕೇಳಿದರು.

ಆ ಮನುಷ್ಯ ನಗಲಿಲ್ಲ. ಯಾರು, ಯಾಕೆ ಎಂದೂ ಕೇಳಲಿಲ್ಲ. "ಸಿಹಿನೀರಾಗ ಅಜ್ಜಿ. ಬಂದರದ ದಂಡಿಯಿಂದ ತುಂಬ್ಕೊಂಡು ಹೋಗ್ತಿದ್ವಿ. ದೊಡ್ಡ ಹಡಗಿನ್ಯಾಗ ಉಪ್ಪುನೀರನ್ನ ಸಿಹಿ ಮಾಡೋ ಯಂತ್ರ ಇರ್ತಾವು. ಆದ್ರ ನೀರು ಅಂದ್ರ ಬಂಗಾರ. ಜಳಕಕ್ಕ ಒಂದು ಬಕೀಟು ಸಿಕ್ರ ಅದೇ ಹಬ್ಬ."

"ಮತ್ತೆ ಊಟಕ್ಕೆ?"

"ಅನ್ನ, ಬ್ಯಾಳಿ, ಚಪಾತಿ. ತತ್ತಿ ಇರ್ತಿತ್ತು. ಮೀನೂ ಕೊಡ್ತಿದ್ರು, ಐಸಿನ್ಯಾಗ ಇಟ್ಟದ್ದು."

ಅತ್ತೆಯ ಬಾಯಿ ತೆರೆದೇ ಉಳಿಯಿತು. "ಐಸಿನ ಮೀನು? ಸಮುದ್ರದ ಮೇಲೆ ಕೂತ್ಕಂಡು ಐಸಿನ ಮೀನಾ?"

ಈಗ ಆತ ನಕ್ಕರು. ಗಾಳಿಯಲ್ಲಿ ನಗು ತುಂಡುತುಂಡಾಗಿ ಕೇಳಿತು. ಮೊದಲ ಸಲ ಕಡಲಿಗೆ ಹೋದಾಗ ತಮಗೆ ಯಾವುದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ, ತಲೆ ಎತ್ತಿದರೆ ವಾಂತಿ, ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಖಡಕ್ ರೊಟ್ಟಿಯನ್ನು ಮಂಚದಲ್ಲಿ ಮಲಗಿಕೊಂಡೇ ಚೂರು ಚೂರು ಮುರಿದು ತಿಂದು ಬದುಕಿದೆ ಎಂದು ಹೇಳಿದರು. ಫೋನು ಹಿಡಿದಿದ್ದ ತಂಗಿ ಇದನ್ನು ಮೊದಲ ಸಲ ಕೇಳುತ್ತಿದ್ದರೆಂದು ಕಾಣುತ್ತದೆ. "ಆ ರೊಟ್ಟಿ ನಾನ ಬಡಿದಿದ್ನಲ್ಲೋ ಅಣ್ಣಾ. ಭಾಳ ಛಲೋ ಇತ್ತು ಅಂತಷ್ಟ ಪತ್ರದಾಗ ಬರದಿದ್ದಿ," ಎಂದರು.

"ಅವ್ವ ಅಳ್ತಿದ್ಲು, ಅದಕ್ಕ ಬರೀಲಿಲ್ಲ," ಎಂದರು ಆತ.

ಅತ್ತೆಗೆ ಇನ್ನು ಕೇಳುವುದೇನೂ ಇಲ್ಲ ಎಂದು ನಾನು ಅಂದುಕೊಂಡೆ. ಆದರೆ ಅವರು ಫೋನಿನ ಹತ್ತಿರ ಬಾಯಿ ತಂದು, ಈ ಸಲ ಮೆಲ್ಲಗೆ, "ನಿಮ್ಗೆ ಅಲ್ಲಿಂದ ದಡದ ಮನೆ ದೀಪ ಕಾಣ್ತಿತ್ತಾ?" ಎಂದು ಕೇಳಿದರು.

"ದಂಡಿ ಹತ್ರ ಬಂದಾಗ ಕಾಣ್ತಿದ್ವು ಅಜ್ಜಿ. ಸಣ್ಣಸಣ್ಣವು. ಆಗ ನಾವು ಹುಡುಗ್ರು ಮ್ಯಾಲೆ ಬಂದು ನಿಂತು, ಆ ಮನಿಯಾಗ ಈಗ ಏನು ಅಡಗಿ ಮಾಡ್ಯಾರೋ ಅಂತ ಮಾತಾಡ್ತಿದ್ವಿ."

"ಗಂಜಿ," ಎಂದರು ಅತ್ತೆ ಕೂಡಲೇ. "ಗಂಜಿ, ಸುಟ್ಟ ಬಂಗಡೆ, ಒಂದು ಚೂರು ಮಾವಿನ ಉಪ್ಪಿನಕಾಯಿ."

ಆ ಕಡೆಯ ಗದ್ದಲದಲ್ಲಿ ಯಾರೋ ಸಕ್ಕರೆ ಕೇಳಿದರು. ಗಿರಾಕಿ ಬಂದಿದ್ದಾರೆ, ಇಡುತ್ತೇನೆ ಎಂದು ಆತ ಹೇಳಿದರು. ಅತ್ತೆ ಫೋನಿಗೆ ಕೈ ಮುಗಿದರು. ಅವರಿಗೆ ಅದು ಕಾಣುವುದಿಲ್ಲ ಎಂದು ಮಕ್ಕಳು ನಕ್ಕರು.

"ನಿಮ್ಮ ಮನಿ ಯಾವ ಕಡೆ ಇತ್ರೀ?" ಎಂದು ಇಳಕಲ್ ಸೀರೆಯ ಹೆಂಗಸು ಕೇಳಿದರು. ಅತ್ತೆ ಎಡಗಡೆಯ ಗುಡ್ಡ ತೋರಿಸಿ, ಅದರ ಆಚೆ ಎಂದರು. ಆ ಹಳ್ಳಿ ಈಗ ನೌಕಾನೆಲೆಯ ಬೇಲಿಯ ಒಳಗಿದೆ. ಊರಿನವರೆಲ್ಲ ಅಂಕೋಲೆಯ ಕಡೆ, ಕಾರವಾರದ ಕಡೆ, ಕೊಟ್ಟ ಜಾಗಗಳಲ್ಲಿ ಮನೆ ಕಟ್ಟಿಕೊಂಡು ಇಪ್ಪತ್ತು ವರ್ಷಗಳ ಮೇಲಾಯಿತು. ಅತ್ತೆಯ ಅಣ್ಣನ ಮನೆಯೂ ಅಂಥದ್ದೇ ಒಂದು ಕಡೆ ಇದೆ. ಮಕ್ಕಳಿಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ನನಗೂ ಆಗಲೇ ಗೊತ್ತಾದದ್ದು. "ಅಂದ್ರೆ ನಿನ್ನ ಮನೆ ಇದ್ದಲ್ಲಿ ಈಗ ನಿಜವಾದ ಹಡಗು ಇರ್ತದಾ ಅಜ್ಜಿ?" ಎಂದು ಹುಡುಗ ಕಣ್ಣರಳಿಸಿದ.

"ಇರ್ಬಹುದು ಮಗಾ."

"ಅದರಲ್ಲೂ ಅಡುಗೆಮನೆ ಇರ್ತದೆ," ಎಂದಳು ಮಗಳು.

ಅತ್ತೆ ಅವಳ ಮುಖವನ್ನೇ ನೋಡಿದರು. ಇರುತ್ತದೆ, ಇಲ್ಲದೆ ಹೇಗೆ ಎಂದು ತಲೆಯಾಡಿಸಿದರು. ಅವರ ಮುಖದಲ್ಲಿ ದುಃಖ ಹುಡುಕಿದೆ. ಇದ್ದಿರಬಹುದು. ನನಗೆ ಕಂಡದ್ದು ಲೆಕ್ಕ ಹಾಕುತ್ತಿರುವವರ ಮುಖ, ತಮ್ಮ ಮನೆಯ ಒಲೆ ಇದ್ದ ಜಾಗದಲ್ಲಿ ಯಾವುದರ ಒಲೆ ಬಂದಿರಬಹುದು ಎಂದು.

ವಿಮಾನವನ್ನು ನೋಡಲು ಅತ್ತೆ ಬರಲಿಲ್ಲ. "ಒಂದು ದಿನಕ್ಕೆ ಒಂದು ಸಾಕು," ಎಂದು ಗಾಳಿಮರದ ನೆರಳಿನಲ್ಲಿ ಕೂತರು. ಇಳಕಲ್ ಸೀರೆಯವರ ಮನೆಯವರೆಲ್ಲ ವಿಮಾನದ ಸಾಲಿನಲ್ಲಿದ್ದರು. ಆಕೆಯೂ ಕಾಲು ನೋವೆಂದು ಅತ್ತೆಯ ಪಕ್ಕದಲ್ಲೇ ಉಳಿದರು. ನಾನು ಮಕ್ಕಳನ್ನು ಕರೆದುಕೊಂಡು ಹೋದೆ. ವಿಮಾನದ ಹೊಟ್ಟೆಯಲ್ಲೂ ಅದೇ ಜನ, ಅದೇ ನೂಕು. ಆದರೆ ಮಕ್ಕಳು ಈಗ ಬೇರೆಯೇ ಆಗಿದ್ದರು. ರೆಕ್ಕೆ ಎಷ್ಟು ಉದ್ದ, ಎಷ್ಟು ಎತ್ತರಕ್ಕೆ ಹಾರುತ್ತಿತ್ತು ಎನ್ನುವ ಫಲಕಗಳನ್ನು ದಾಟಿ, ಇಲ್ಲಿ ಉಚ್ಚೆ ಬಂದರೆ ಎಲ್ಲಿ ಹೋಗುತ್ತಿದ್ದರು, ನಿದ್ದೆ ಬಂದರೆ ಒಬ್ಬರು ಮಲಗಿ ಇನ್ನೊಬ್ಬರು ಎದ್ದಿರುತ್ತಿದ್ದರೋ, ಶೀತ ಆದವನ ಮೂಗಿಗೆ ಮೇಲೆ ಏನಾಗುತ್ತದೆ ಎಂದೆಲ್ಲ ಹುಡುಕತೊಡಗಿದರು. ಕೆಲವಕ್ಕೆ ಅಲ್ಲಿದ್ದವರು ಉತ್ತರಿಸಿದರು. ಶೀತದ ಮೂಗಿನ ಪ್ರಶ್ನೆ ಹಾಗೇ ಉಳಿಯಿತು. ಔಷಧಿ ಅಂಗಡಿಯಲ್ಲಿದ್ದೂ ನನಗೆ ಗೊತ್ತಿಲ್ಲ ಎಂದು ಮಗಳಿಗೆ ಬೇಸರವಾಯಿತು.

ನಾವು ಹೊರಬಂದಾಗ ಗಾಳಿಮರದ ಕೆಳಗೆ ಇಬ್ಬರೂ ಇರಲಿಲ್ಲ. ಎರಡು ಜೊತೆ ಚಪ್ಪಲಿ ಮಾತ್ರ ಇತ್ತು. ನಾನು ಸುತ್ತ ಹುಡುಕಿದೆ. ಹುಡುಗ ನೀರಿನ ಕಡೆ ಕೈ ತೋರಿಸಿದ.

ಅಲೆಗಳ ಅಂಚಿನಲ್ಲಿ ಅತ್ತೆ ನಿಂತಿದ್ದರು, ಮೊಣಕಾಲಿನವರೆಗೆ ಸೀರೆ ಎತ್ತಿ. ಅವರ ಕೈಯನ್ನು ಗಟ್ಟಿಯಾಗಿ ಹಿಡಿದು ಇಳಕಲ್ ಸೀರೆಯವರು. ಅಷ್ಟು ದೂರದಿಂದ ಕಡಲು ನೋಡಲು ಬಂದವರು ಬೆಳಗಿನಿಂದ ನೀರಿಗೆ ಕಾಲಿಟ್ಟಿರಲಿಲ್ಲವಂತೆ, ಕಾಲ ಕೆಳಗಿನ ಮರಳು ಸರಿಯುವುದೆಂದರೆ ಭಯವಂತೆ. "ಅಲೆ ಬಂದಾಗ ಓಡ್ಬಾರ್ದು ತಂಗೀ. ಅಡ್ಡ ನಿಲ್ಲಿ. ಹಿಮ್ಮಡಿ ಊರಿ. ಹೋಗ್ತದೆ ಅದು," ಎಂದು ಅತ್ತೆ ಹೇಳುತ್ತಿದ್ದರು. ಒಂದು ಅಲೆ ಬಂತು. ಆಕೆ ಕಣ್ಣು ಮುಚ್ಚಿ, "ಯಪ್ಪಾ!" ಎಂದು ಕಿರುಚಿ, ಅಲೆ ಹಿಂದೆ ಸರಿದ ಮೇಲೆ ಒಂದು ಕಣ್ಣು ತೆರೆದು, ತಾನಿನ್ನೂ ಅಲ್ಲೇ ನಿಂತಿರುವುದನ್ನು ನೋಡಿ ನಕ್ಕರು.

ನಾನು ಬೇಡ ಎನ್ನುವಷ್ಟರಲ್ಲಿ ಮಕ್ಕಳಿಬ್ಬರೂ ಚಪ್ಪಲಿ ಬಿಸುಟು ಓಡಿದರು. ವಿಮಾನದಿಂದ ಬಂದ ಆಕೆಯ ಮನೆಯವರೂ ಒಬ್ಬೊಬ್ಬರಾಗಿ ಇಳಿದರು. ನಾನು ಎಲ್ಲರ ಚೀಲಗಳನ್ನು ಕಾಯುತ್ತ ಮರಳಿನ ಮೇಲೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ನನ್ನನ್ನೂ ಕೈ ಬೀಸಿ ಕರೆದರು. ಚೀಲಗಳನ್ನು ಯಾರಾದರೂ ನೋಡಿಕೊಳ್ಳುತ್ತಾರೆ ಎಂದುಕೊಂಡು ಎದ್ದೆ.